ನಿಮಗಿದು ಗೊತ್ತೇ? ಪಾಸ್‌ವರ್ಡ್ ಗುಟ್ಟು, ಹೆಸರು ರಟ್ಟು!

ಲಾಗಿನ್ ಪುಟದಲ್ಲಿ ಏನೋ ಒತ್ತಿದಿರಿ. 'ಪಾಸ್‌ವರ್ಡ್ ತಪ್ಪಾಗಿದೆ' ಎಂದು ಕೆಂಪಕ್ಷರದಲ್ಲಿ ಬಂತು. ಅಷ್ಟರಲ್ಲೇ ಒಂದು ಗುಟ್ಟು ಹೊರಬಿತ್ತು, ಗಮನಿಸಿದಿರಾ? ತಪ್ಪಿರುವುದು ಪಾಸ್‌ವರ್ಡ್ ಮಾತ್ರ ಅಂದಮೇಲೆ ಹೆಸರು ಸರಿ ಎಂದಾಯಿತಲ್ಲ! ಬಾಗಿಲಿಗೆ ಬಂದ ಅಪರಿಚಿತನಿಗೆ 'ರಮೇಶ ಊರಲ್ಲಿಲ್ಲ' ಅಂದರೆ, ರಮೇಶನ ಮನೆ ಇದೇ ಎಂದು ತೋರಿಸಿಕೊಟ್ಟ ಹಾಗೆ. ಹೀಗೆ ಒಂದೊಂದೇ ಹೆಸರು ಕೇಳಿ ಕೇಳಿ, ಯಾರು ಯಾರಿದ್ದಾರೆ ಎಂದು ಪಟ್ಟಿ ಮಾಡಿಕೊಳ್ಳುವ ವಿದ್ಯೆಗೆ ಕಂಪ್ಯೂಟರ್ ಮಂದಿ ಎನ್ಯುಮರೇಷನ್ ಅನ್ನುತ್ತಾರೆ.

'ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪಾಗಿದೆ' ಎಂದು ಕೆಲವು ಸೈಟುಗಳು ಎರಡನ್ನೂ ಸೇರಿಸಿ ಹೇಳುತ್ತವೆ. ಯಾವುದು ತಪ್ಪು ಅಂತ ಬಿಡಿಸಿ ಹೇಳಲು ಇದಕ್ಕೇನು ಧಾಡಿ ಎಂದು ರೇಗಬೇಡಿ. ಬಿಡಿಸಿ ಹೇಳದೆ ಅದು ನಿಮ್ಮನ್ನೇ ಕಾಯುತ್ತಿದೆ!

ಬಾಯಿ ಬಿಡದಿದ್ದರೂ ಗುಟ್ಟು ಬಿಟ್ಟುಕೊಟ್ಟ ಕಂಪ್ಯೂಟರ್ ವ್ಯವಸ್ಥೆ ಗೊತ್ತೇ? ಅಮೆರಿಕದ ಬೆಲ್ ಲ್ಯಾಬ್ಸ್‌ನ ಯುನಿಕ್ಸ್! ಹೆಸರು ಸುಳ್ಳಾಗಿರಲಿ, ನಿಜವಾಗಿರಲಿ, ಪರದೆಯ ಮೇಲೆ ಬರುವ ಉತ್ತರ ಒಂದೇ. ಆದರೆ ಸುಳ್ಳು ಹೆಸರಿಗೆ ಉತ್ತರ ತಟ್ಟನೆ ಬರುತ್ತಿತ್ತು. ನಿಜವಾದ ಹೆಸರಿಗೆ ಸುಮಾರು ಅರ್ಧ ಸೆಕೆಂಡ್ ತಡ! ಹೆಸರು ಇದ್ದರೆ ಮಾತ್ರ ಪಾಸ್‌ವರ್ಡನ್ನು ಗೂಢಲಿಪಿಗೆ ತಿರುಗಿಸಿ ಹೋಲಿಸಬೇಕು, ಆ ಲೆಕ್ಕಕ್ಕೆ ಹೊತ್ತು ಹಿಡಿಯುತ್ತದೆ. ಕೈಯಲ್ಲಿ ಗಡಿಯಾರ ಹಿಡಿದವನಿಗೆ ಅಷ್ಟೇ ಸಾಕು!

ಪರಿಹಾರ ಇನ್ನೂ ಚೆಂದ. ಇಲ್ಲದ ಮನುಷ್ಯನ ಪಾಸ್‌ವರ್ಡಿಗೂ ಅಷ್ಟೇ ಶ್ರದ್ಧೆಯಿಂದ ಪೂರ್ತಿ ಲೆಕ್ಕ ಹಾಕು, ಆಮೇಲೆ ಇಲ್ಲ ಅನ್ನು ಎಂದು ಪ್ರೋಗ್ರಾಮನ್ನು ತಿದ್ದಿದರು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದನ್ನೆಲ್ಲ ಒಂದು ಪ್ರಬಂಧದಲ್ಲಿ ಬರೆದಿಟ್ಟದ್ದು 1979ರಲ್ಲಿ. ಆಗಿನ್ನೂ ವೆಬ್‌ಸೈಟ್ ಎಂಬುದೇ ಹುಟ್ಟಿರಲಿಲ್ಲ!

ಅದೇ ಪ್ರಬಂಧದಲ್ಲಿ ಇನ್ನೊಂದು ಸೋಜಿಗವಿದೆ. ಅವರು 3,289 ಪಾಸ್‌ವರ್ಡ್‌ಗಳನ್ನು ಕಲೆಹಾಕಿ ನೋಡಿದರು. ಶೇಕಡ 86ರಷ್ಟು ಸುಲಭವಾಗಿ ಊಹಿಸುವಂಥವು. ಅವುಗಳಲ್ಲಿ 15 ಪಾಸ್‌ವರ್ಡ್‌ಗಳ ಉದ್ದ ಎಷ್ಟು ಹೇಳಿ? ಒಂದೇ ಒಂದು ಅಕ್ಷರ!

ಈಗ ಕೇಳಿ, ಇದು ಕಥೆಯಲ್ಲಿ ಬಂದರೆ ನಂಬುವುದೂ ಕಷ್ಟ. 1988ರ ನವೆಂಬರ್ 2ರಂದು ಇಂಟರ್ನೆಟ್ಟನ್ನೇ ಕಂಗೆಡಿಸಿದ 'ಮಾರಿಸ್ ವರ್ಮ್' ಎಂಬ ತಾನೇ ಹರಡುವ ಪ್ರೋಗ್ರಾಮಿನ ಹೆಸರು ಕೇಳಿರಬಹುದು. ಅದನ್ನು ಬಿಟ್ಟವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್. ಯಾರ ಮಗ? ಆ ಪ್ರಬಂಧ ಬರೆದ ರಾಬರ್ಟ್ ಮಾರಿಸ್ ಅವರ ಮಗ! ಅಪ್ಪ ಆಗ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ!

ಆ ವರ್ಮ್ ಮಾಡುತ್ತಿದ್ದುದೂ ಪಟ್ಟಿಯ ಕೆಲಸವೇ. ಹೊಕ್ಕ ಯಂತ್ರದಲ್ಲಿ ಬಳಕೆದಾರರ ಹೆಸರು ಓದಿಕೊಳ್ಳುತ್ತಿತ್ತು. ಆ ಹೆಸರನ್ನೇ ಪಾಸ್‌ವರ್ಡ್ ಎಂದು ಹಾಕಿ ನೋಡುತ್ತಿತ್ತು. ಆಗಲಿಲ್ಲವೇ? ಹೆಸರನ್ನು ತಿರುವುಮುರುವು ಮಾಡಿ ಹಾಕುತ್ತಿತ್ತು. ಅದೂ ಆಗದಿದ್ದರೆ ಜೊತೆಗೆ ತಂದಿದ್ದ 432 ಪದಗಳ ಪುಟ್ಟ ನಿಘಂಟು! ಈ ಯಂತ್ರ ನಂಬುವ ಬೇರೆ ಯಂತ್ರಗಳು ಯಾವುವು ಎಂಬ ಕಡತ ಓದಿ ಅಲ್ಲಿಗೂ ಜಿಗಿಯುತ್ತಿತ್ತು.

ವರ್ಮ್ ಹೊಕ್ಕ ಒಂದು ಬಾಗಿಲು 'ಫಿಂಗರ್' ಎಂಬ ಸೇವೆ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೆಸ್ ಅರ್ನೆಸ್ಟ್ ಬರೆದ ಪ್ರೋಗ್ರಾಮಿನಿಂದ ಬೆಳೆದದ್ದು. ಕಂಪ್ಯೂಟರಿನಲ್ಲಿ ಈಗ ಯಾರಿದ್ದಾರೆ, ಅವರ ಪೂರ್ತಿ ಹೆಸರೇನು, ಎಲ್ಲವನ್ನೂ ಕೇಳಿದವರಿಗೆಲ್ಲ ಹೇಳುವುದೇ ಅದರ ಕೆಲಸ. ಆ ಕಾಲದಲ್ಲಿ ಅದು ಸೌಜನ್ಯ!

ಇಮೇಲ್ ಕೂಡ ಅಷ್ಟೇ. 1982ರ ಇಮೇಲ್ ನಿಯಮಾವಳಿಯಲ್ಲೇ 'ಈ ಹೆಸರಿನವರು ನಿಮ್ಮಲ್ಲಿದ್ದಾರೆಯೇ?' ಎಂದು ಸರ್ವರನ್ನು ಕೇಳಲು ಒಂದು ಆಜ್ಞೆ ಇದೆ. ಸ್ಪ್ಯಾಮ್ ಕಳಿಸುವವರಿಗೆ ಇನ್ನೇನು ಬೇಕು!

ದೂರದ ಸರ್ವರಿಗೆ ಲಾಗಿನ್ ಆಗಲು ಅದನ್ನು ನೋಡಿಕೊಳ್ಳುವವರು ದಿನಬೆಳಗಾದರೆ ಬಳಸುವ ಓಪನ್‌ಎಸ್‌ಎಸ್‌ಎಚ್‌ಗೆ ಬನ್ನಿ. 1979ರ ಪಾಠ ಅದಕ್ಕೆ ಗೊತ್ತಿತ್ತು. ಇಲ್ಲದ ಹೆಸರಿಗೂ ಸುಳ್ಳು ಲೆಕ್ಕ ಮಾಡುತ್ತಿತ್ತು. ಆದರೂ 2016ರಲ್ಲಿ ಸಿಕ್ಕಿಬಿತ್ತು! ಸುಳ್ಳು ಹೆಸರಿಗೆ ಮಾಡುತ್ತಿದ್ದ ಲೆಕ್ಕದ ಸೂತ್ರವೇ ಬೇರೆ, ನಿಜವಾದ ಹೆಸರಿನದೇ ಬೇರೆ. ಸಾವಿರಾರು ಅಕ್ಷರಗಳ ಪಾಸ್‌ವರ್ಡ್ ಕಳಿಸಿದರೆ ನಿಜವಾದ ಹೆಸರಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮತ್ತೆ ಅದೇ ಗಡಿಯಾರದ ಆಟ!

ಎರಡೇ ವರ್ಷಕ್ಕೆ, 2018ರಲ್ಲಿ, ಅದೇ ಪ್ರೋಗ್ರಾಮಿನಲ್ಲಿ ಇನ್ನೊಂದು ತೂತು. ಬೇಕೆಂದೇ ಕೆಡಿಸಿದ ಸಂದೇಶ ಕಳಿಸಿ. ಹೆಸರು ಸುಳ್ಳಾದರೆ 'ಆಗುವುದಿಲ್ಲ' ಎಂಬ ಮರ್ಯಾದೆಯ ಉತ್ತರ. ನಿಜವಾದರೆ ಉತ್ತರವೇ ಇಲ್ಲ, ಸಂಪರ್ಕ ಕಡಿತ! ಸುಮ್ಮನಾದರೆ ಹೌದು ಎಂದರ್ಥ. ಈ ತೂತು ಸುಮಾರು ಎರಡು ದಶಕ ಯಾರ ಕಣ್ಣಿಗೂ ಬೀಳದೆ ಅಲ್ಲೇ ಇತ್ತು!

ಆಶ್ಲಿ ಮ್ಯಾಡಿಸನ್ ಎಂಬ ತಾಣ ವಿವಾಹೇತರ ಸಂಬಂಧ ಹುಡುಕುವವರಿಗಾಗಿಯೇ ಇದ್ದದ್ದು. ಸದಸ್ಯರ ಹೆಸರು ಹೊರಬಿದ್ದರೆ ಸಂಸಾರವೇ ಒಡೆಯುತ್ತದೆ. ಅದರ 'ಪಾಸ್‌ವರ್ಡ್ ಮರೆತಿರಾ' ಪುಟ ಎಲ್ಲ ಇಮೇಲ್‌ಗೂ ಅಕ್ಷರ ಬಿಡದೆ ಒಂದೇ ಉತ್ತರ ಕೊಡುತ್ತಿತ್ತು. ಜಾಣತನವೇ. ಆದರೆ 2015ರಲ್ಲಿ ಭದ್ರತಾ ತಜ್ಞ ಟ್ರಾಯ್ ಹಂಟ್ ಏನು ಕಂಡರು ಗೊತ್ತೇ? ಸದಸ್ಯರಲ್ಲದವರ ಇಮೇಲ್ ಹಾಕಿದರೆ ಬರೆಯುವ ಚೌಕ ಪುಟದಲ್ಲೇ ಉಳಿಯುತ್ತಿತ್ತು, ಸದಸ್ಯರದಾದರೆ ಮಾಯವಾಗುತ್ತಿತ್ತು! ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಬೆರಗಿನ ಉದಾಹರಣೆ ಇಲ್ಲ.

ವಿಂಡೋಸ್‌ನಲ್ಲಿ 'ಅಡ್ಮಿನಿಸ್ಟ್ರೇಟರ್' ಖಾತೆಯ ಹೆಸರು ಬದಲಿಸಿ ಬಚ್ಚಿಡಬಹುದು ಅಂದುಕೊಂಡಿರಾ? ಹೆಸರು ಏನೇ ಇಡಿ, ಒಳಗಿನ ಗುರುತಿನ ಸಂಖ್ಯೆ 500ರಲ್ಲೇ ಮುಗಿಯುತ್ತದೆ!

ಒಂದಕ್ಕೊಂದು ಹೆಣೆದ ಸರ್ವರ್‌ಗಳ ಗುಂಪೇ ಕ್ಲಸ್ಟರ್. ಅಲ್ಲಿ ಒಂದು ಯಂತ್ರ ಕೈಗೆ ಸಿಕ್ಕರೆ ಉಳಿದವುಗಳ ಪಟ್ಟಿಯೂ ಸಿಗುತ್ತದೆ. ಹೇಗೆ? ನೀವು ಎಸ್‌ಎಸ್‌ಎಚ್‌ನಲ್ಲಿ ಹೊಕ್ಕ ಪ್ರತಿ ಸರ್ವರಿನ ಹೆಸರನ್ನೂ ಅದು 'ನೋನ್ ಹೋಸ್ಟ್ಸ್' ಎಂಬ ಕಡತದಲ್ಲಿ ಬರೆದಿಡುತ್ತದೆ. ಕಳ್ಳನಿಗೆ ಅದೇ ಮುಂದಿನ ಮನೆಗಳ ವಿಳಾಸ! ಎಂಐಟಿ ಸಂಶೋಧಕರು ಎಚ್ಚರಿಸಿದ ಮೇಲೆ, 2005ರಲ್ಲಿ, ಈ ಹೆಸರುಗಳನ್ನು ಓದಲಾಗದಂತೆ ಗೂಢವಾಗಿಡುವ ಸೌಲಭ್ಯ ಬಂತು.

ಕದ್ದ ಲಾಗಿನ್ ಹಿಡಿದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ಬರೀ ಊಹೆಯ ಮಾತು ಅನ್ನಬೇಡಿ. 2020ರ ಮೇ ತಿಂಗಳಲ್ಲಿ ಯುರೋಪಿನ ಹಲವು ಸೂಪರ್‌ಕಂಪ್ಯೂಟರ್‌ಗಳು ಇದರಿಂದಲೇ ಬಾಗಿಲು ಮುಚ್ಚಬೇಕಾಯಿತು. ಎಡಿನ್‌ಬರೋದ 'ಆರ್ಚರ್' ಸೂಪರ್‌ಕಂಪ್ಯೂಟರಿನ ಬಳಕೆದಾರರಿಗೆ ಹೊಸ ಪಾಸ್‌ವರ್ಡ್, ಹೊಸ ಕೀ!

ಕ್ಲಸ್ಟರ್‌ಗಳನ್ನು ನಡೆಸುವ ಕುಬರ್ನೆಟಿಸ್ ಗೊತ್ತಲ್ಲ? ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ದಿನಾ ಓಡಾಡುವ ಹೆಸರು. ಗುರುತು ಹೇಳದೆ ಬಂದವನಿಗೂ ಅದು ಒಂದು ಹೆಸರು ಕೊಡುತ್ತದೆ: 'ಸಿಸ್ಟಮ್ ಅನಾನಿಮಸ್'. ಅನಾಮಿಕನಿಗೂ ನಾಮಕರಣ!

ಅದರಲ್ಲಿ ಪಾಸ್‌ವರ್ಡ್, ಕೀಲಿ ಇಡುವ ಜಾಗಕ್ಕೆ 'ಸೀಕ್ರೆಟ್' ಎಂದು ಹೆಸರು. ತೆರೆದು ಓದುವುದು ಬೇಡ, ಪಟ್ಟಿ ಮಾತ್ರ ನೋಡಿಕೊಳ್ಳಲಿ ಎಂದು 'ಲಿಸ್ಟ್' ಅನುಮತಿ ಕೊಟ್ಟಿರಿ ಅನ್ನಿ. ಪಟ್ಟಿಯ ಜೊತೆಗೆ ಒಳಗಿರುವುದೂ ಪೂರ್ತಿ ಬಂದುಬಿಡುತ್ತದೆ! ಅದರ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ. ಎಷ್ಟು ಜನ ಓದಿದ್ದಾರೋ! ನಿಮ್ಮದು ಇದೇ ಕೆಲಸವಾದರೆ ಇವತ್ತೇ ಒಮ್ಮೆ ನೋಡಿಬಿಡಿ.

ಹೊಸ ಸರ್ವರಿಗೆ ಯಾರಿಗೂ ಗೊತ್ತಾಗದ ಹೆಸರಿಟ್ಟಿದ್ದೀರಾ? ಅದಕ್ಕೆ ಎಲ್ಲ ಬ್ರೌಸರ್ ನಂಬುವ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪಡೆದರೆ ಸಾಮಾನ್ಯವಾಗಿ ಆ ಹೆಸರು ಜಗತ್ತೆಲ್ಲ ಓದಬಹುದಾದ ದಾಖಲೆಗೆ ಸೇರುತ್ತದೆ. 2018ರಿಂದ ಕ್ರೋಮ್ ಬ್ರೌಸರ್ ಇದನ್ನು ಕಡ್ಡಾಯ ಮಾಡಿದೆ. ಮೋಸದ ಸರ್ಟಿಫಿಕೇಟ್ ಹಿಡಿಯಲು ಮಾಡಿದ ಒಳ್ಳೆಯ ಏರ್ಪಾಡು, ಸರ್ವರ್ ಎಣಿಸುವವರಿಗೆ ಪುಕ್ಕಟೆ ಡೈರೆಕ್ಟರಿ!

ಇಂಟರ್ನೆಟ್ಟಿನ ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವುಗಳಲ್ಲಿ ಸಾರ್ವಜನಿಕವಾದವನ್ನೆಲ್ಲ ತಟ್ಟಿ ನೋಡಲು ಎಷ್ಟು ಹೊತ್ತು ಬೇಕು? 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಮಾಡಿದ ಜ಼ೀಮ್ಯಾಪ್ ಎಂಬ ಪ್ರೋಗ್ರಾಮಿಗೆ ಒಂದೇ ಕಂಪ್ಯೂಟರಿನಿಂದ 45 ನಿಮಿಷ ಸಾಕಾಯಿತು!

ಉತ್ತರ ಕೊರಿಯಾದಲ್ಲಿ ಎಷ್ಟು ವೆಬ್‌ಸೈಟ್‌ಗಳಿವೆ ಎಂಬುದು ಹೊರಗಿನವರಿಗೆ ಒಗಟಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ವೆಬ್‌ಸೈಟ್ ಹೆಸರುಗಳ ಪಟ್ಟಿ ಇಡುವ ಅಲ್ಲಿನ ಒಂದು ನೇಮ್‌ಸರ್ವರ್ ತಪ್ಪು ಸೆಟ್ಟಿಂಗಿನಿಂದ ತನ್ನ ಪಟ್ಟಿಯನ್ನೇ ಒಪ್ಪಿಸಿಬಿಟ್ಟಿತು. ಇಡೀ ದೇಶದ ಡೊಮೇನ್‌ನಡಿ ಇದ್ದ ಹೆಸರುಗಳು ಬರೀ 28!

ಕೊನೆಯದು ನಮ್ಮ ನಿಮ್ಮ ಜೇಬಿನದು. ಒಂದು ನಂಬರ್ ವಾಟ್ಸ್‌ಆ್ಯಪ್‌ನಲ್ಲಿದೆಯೋ ಇಲ್ಲವೋ ಎಂದು ಆ್ಯಪ್ ಎಲ್ಲರಿಗೂ ಹೇಳುತ್ತದಲ್ಲ? ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಹಿಡಿದು ಗಂಟೆಗೆ 10 ಕೋಟಿಗೂ ಹೆಚ್ಚು ನಂಬರ್ ಕೇಳುತ್ತಾ ಹೋದರು. ಯಾರೂ ತಡೆಯಲಿಲ್ಲ! 2025ರ ನವೆಂಬರ್‌ನಲ್ಲಿ ಬಯಲು ಮಾಡಿದ ಲೆಕ್ಕ: ಸುಮಾರು 350 ಕೋಟಿ ಖಾತೆಗಳು. ಅತಿ ಹೆಚ್ಚು ಭಾರತದವು, ಸುಮಾರು 75 ಕೋಟಿ! ಕಂಪನಿಗೆ ತಿಳಿಸಿ, ತಡೆ ಹಾಕಿಸಿ, ತಾವು ಕೂಡಿಸಿದ್ದನ್ನು ಅವರು ಅಳಿಸಿಯೂ ಹಾಕಿದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಪ್ರೊಫೈಲ್ ಫೋಟೊ ಯಾರು ಬೇಕಾದರೂ ನೋಡುವಂತಿತ್ತು. ನಿಮ್ಮದು? ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿಗೆ ಹೋಗಿ, ಪ್ರೊಫೈಲ್ ಫೋಟೊವನ್ನು 'ಮೈ ಕಾಂಟ್ಯಾಕ್ಟ್ಸ್'ಗೆ ಬದಲಿಸಿ. ಅಮ್ಮನ ಫೋನಿನಲ್ಲೂ ಮರೆಯದೆ ಬದಲಿಸಿಕೊಡಿ!