ಹೂವು, ನಾರು ಮತ್ತು ಮೂಲಪಾಠ

ಮಾಲೆಯ ಹೂಗಳೆಲ್ಲ ಪರರವು, ಕಟ್ಟಿದ ನಾರೊಂದೇ ತನ್ನದು ಎಂಬ ಅರ್ಥದ ವಿನಯೋಕ್ತಿಯನ್ನು ಫ್ರೆಂಚ್ ಪ್ರಬಂಧಕಾರ ಮೊಂತೇನನಿಂದ ಎರವು ಪಡೆದು, ಹೆಲೆನಾ ಬ್ಲಾವಾಟ್‌ಸ್ಕಿಯವರು ತಮ್ಮ ಮಹಾಗ್ರಂಥವಾದ ‘ದಿ ಸೀಕ್ರೆಟ್ ಡಾಕ್ಟ್ರಿನ್’ನ ಪ್ರಸ್ತಾವನೆಯಲ್ಲಿ ಹೇಳಿಕೊಂಡಿದ್ದಾರೆ. 1891ರಲ್ಲಿ ಆಕೆ ಕಣ್ಮುಚ್ಚಿದ ತರುವಾಯ ಶಿಷ್ಯವರ್ಗದಲ್ಲಿ ಎದ್ದ ವ್ಯಾಜ್ಯಗಳಲ್ಲಿ ಬಹುಪಾಲು ಆ ನಾರನ್ನು ಕುರಿತವೇ.

ಬ್ಲಾವಾಟ್‌ಸ್ಕಿ, ಕರ್ನಲ್ ಆಲ್ಕಾಟ್, ವಿಲಿಯಂ ಜಡ್ಜ್ ಮೊದಲಾದವರು 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿ, 1882ರಲ್ಲಿ ಮದರಾಸಿನ ಅಡ್ಯಾರಿಗೆ ತನ್ನ ಕೇಂದ್ರವನ್ನು ತಂದ ಥಿಯಾಸಫಿಕಲ್ ಸೊಸೈಟಿಯನ್ನು ನಮ್ಮವರು ಬ್ರಹ್ಮವಿದ್ಯಾ ಸಮಾಜವೆಂದು ಕರೆದರು. ‘ದಿ ಸೀಕ್ರೆಟ್ ಡಾಕ್ಟ್ರಿನ್’ ಸಾರುವುದಿಷ್ಟು: ವಾಙ್ಮನಸ್ಸುಗಳಿಗೆ ನಿಲುಕದ ತತ್ತ್ವವೊಂದುಂಟು. ಸೃಷ್ಟಿಯು ಹಗಲಿರುಳುಗಳಂತೆ ಆವರ್ತಿಸುವುದು. ಪ್ರತಿ ಜೀವವೂ ಮೂಲದಲ್ಲಿ ವಿಶ್ವಾತ್ಮದೊಡನೆ ಒಂದೇ ಆಗಿದ್ದು, ಕರ್ಮ ಪುನರ್ಜನ್ಮಗಳ ದೀರ್ಘಯಾತ್ರೆಯಲ್ಲಿ ಸ್ವಪ್ರಯತ್ನದಿಂದಲೇ ಮೇಲೇರಬೇಕು. 1888ರ ಆ ಗ್ರಂಥಕ್ಕೆ ಈ ಮೂರೇ ಅಡಿಗಲ್ಲು. ವೇದಾಂತದ ಗಾಳಿಯಲ್ಲಿ ಬೆಳೆದವನಿಗೆ ಇದರಲ್ಲಿ ಅಪರಿಚಿತವಾದುದು ಅಲ್ಪವೇ ಸರಿ.

1893ರಲ್ಲಿ ಬ್ಲಾವಾಟ್‌ಸ್ಕಿಯವರ ಶಿಷ್ಯರಾದ ಆನಿ ಬೆಸೆಂಟರೂ ಜಿ. ಆರ್. ಎಸ್. ಮೀಡರೂ ಆ ಗ್ರಂಥದ ಪರಿಷ್ಕೃತ ಆವೃತ್ತಿಯೊಂದನ್ನು ಹೊರತಂದರು. ಲೇಖಕಿಯ ಇಚ್ಛೆಯಂತೆಯೇ ವ್ಯಾಕರಣವನ್ನೂ ಸಂಸ್ಕೃತ ಪದಗಳ ಕಾಗುಣಿತವನ್ನೂ ತಿದ್ದಿದೆವೆಂಬುದು ಸಂಪಾದಕರ ವಾದ. ಕೈಯಿಟ್ಟ ಕಡೆಯಲ್ಲೆಲ್ಲ ಅರ್ಥವೂ ಕದಲಿತೆಂಬುದು ಪ್ರತಿವಾದ. ಬೆಸೆಂಟರ ಸದ್ಭಾವವನ್ನು ನಾನು ಶಂಕಿಸಲಾರೆ. ಆದರೆ ಒಂದೇ ಬ್ರಹ್ಮಸೂತ್ರಕ್ಕೆ ಶಂಕರ, ರಾಮಾನುಜ, ಮಧ್ವರು ಪರಸ್ಪರ ವಿರುದ್ಧವಾದ ಭಾಷ್ಯಗಳನ್ನು ರಚಿಸಿಯೂ ಸೂತ್ರವನ್ನು ಸೂತ್ರವಾಗಿಯೇ ಉಳಿಸಿದ ನಾಡಿನವನಿಗೆ, ಮೂಲವನ್ನೂ ತಿದ್ದುಪಡಿಯನ್ನೂ ಗುರುತು ಸಿಗದಂತೆ ಬೆರೆಸಿದುದು ಒಪ್ಪಿತವಾಗದು. ಭಿನ್ನಾಭಿಪ್ರಾಯವಿದ್ದರೆ ಕೆಳಗೊಂದು ಟಿಪ್ಪಣಿ ಸಾಕಿತ್ತು.

ಇದಕ್ಕೆ ಉತ್ತರವಾಗಿ ಲಾಸ್ ಏಂಜಲೀಸಿನ ಥಿಯಾಸಫಿ ಕಂಪನಿಯು 1925ರಲ್ಲಿ ಮೊದಲ ಆವೃತ್ತಿಯ ಪುಟಗಳ ಛಾಯಾಪ್ರತಿಯನ್ನೇ ಮುದ್ರಿಸಿತು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋದಂತೆ, ಉಪದೇಶದೊಡನೆ ಹಳೆಯ ಅಚ್ಚಿನ ದೋಷಗಳೂ ಉಳಿದುಕೊಂಡವು! ಈ ಪ್ರಯತ್ನದ ಹಿಂದಿದ್ದ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಎಂಬುದು 1909ರಲ್ಲಿ ರಾಬರ್ಟ್ ಕ್ರಾಸ್ಬಿ ಕಟ್ಟಿದ ಕೂಟ. ಅದಕ್ಕೆ ಅಧ್ಯಕ್ಷರಿಲ್ಲ, ಅದರ ಲೇಖನಗಳಿಗೆ ಲೇಖಕನ ಹೆಸರಿಲ್ಲ.

1922ರಲ್ಲಿ ಅಡ್ಯಾರನ್ನು ತ್ಯಜಿಸಿ ಈ ಕೂಟವನ್ನು ಸೇರಿದ ಬಿ. ಪಿ. ವಾಡಿಯಾ ಅವರು, ಮದರಾಸಿನಲ್ಲಿ ಕಾರ್ಮಿಕ ಸಂಘವನ್ನು ಕಟ್ಟಿದವರು. 1917ರಲ್ಲಿ ಬೆಸೆಂಟರೊಡನೆ ಬಂಧನವನ್ನನುಭವಿಸಿದವರು. ಅಡ್ಯಾರಿನ ಪ್ರಕಾಶನಾಲಯವನ್ನೇ ನಡೆಸಿದವರು. ಗ್ರಂಥಗಳನ್ನು ಅಚ್ಚುಹಾಕಿಸುತ್ತಿದ್ದ ಕೈಯೇ, ಸಂಸ್ಥೆಯು ಮೂಲೋಪದೇಶದಿಂದ ದೂರ ಸರಿಯಿತೆಂದು ರಾಜೀನಾಮೆ ಬರೆಯಿತು. 1945ರಲ್ಲಿ ಅವರೂ ಪತ್ನಿ ಸೋಫಿಯಾ ವಾಡಿಯಾ ಅವರೂ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಅನ್ನು ಸ್ಥಾಪಿಸಿದರು. (ಡಿ.ವಿ.ಜಿ.ಯವರ ಗೋಖಲೆ ಸಂಸ್ಥೆಯೂ ಅದೇ ವರ್ಷದ್ದು. ಬೆಂಗಳೂರಿನ ಪಾಲಿಗೆ ಅದು ಒಳ್ಳೆಯ ವರ್ಷ.) ಮೂಲವನ್ನು ಅಕ್ಷರಶಃ ಕಾಯುವ ಪಂಥದವರೇ ಸರ್ವರಿಗೂ ತೆರೆದ ಗ್ರಂಥಾಲಯವನ್ನೂ ಉಪನ್ಯಾಸವೇದಿಕೆಯನ್ನೂ ಕಟ್ಟಿದರು. ಥಿಯಾಸಫಿಯ ಆದರ್ಶವಾದ ವಿಶ್ವಭ್ರಾತೃತ್ವಕ್ಕೆ ವಾಡಿಯಾ ಬರೆದ ಭಾಷ್ಯವದು.

ಆದರೂ ಯಾವುದು ಮೂಲ? 1923ರಲ್ಲಿ, ಬ್ಲಾವಾಟ್‌ಸ್ಕಿಯವರು ತಮ್ಮ ಗುರುಗಳೆಂದು ಹೇಳಿಕೊಂಡ ‘ಮಹಾತ್ಮರು’ ಬರೆದರೆನ್ನಲಾದ, ಥಿಯಾಸಫಿಸ್ಟ್ ಎ. ಪಿ. ಸಿನ್ನೆಟ್ಟರ ಬಳಿ ಉಳಿದಿದ್ದ ಪತ್ರಗಳು ಅಚ್ಚಾದಾಗ, ಮೂಲನಿಷ್ಠರಲ್ಲೇ ಕೆಲವರು ಅವನ್ನು ಬ್ಲಾವಾಟ್‌ಸ್ಕಿಯವರಿಗಿಂತಲೂ ಹಿಂದಿನ ಆಕರವೆಂದು ಬರಮಾಡಿಕೊಂಡರು. ಕೆಲವರು ಪರರ ಖಾಸಗಿ ಓಲೆಗಳನ್ನು ಅಚ್ಚುಹಾಕಿದುದೇ ಅನುಚಿತವೆಂದರು. ಆ ಓಲೆಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.