ಸಹವೇದನಾ ನೇತ್ರರೋಗ

ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ನೆರೆಯ ಶಿವಮೊಗ್ಗ ನಗರದಲ್ಲಿಯೂ ಲೋಹದ ಕೆಲಸ ನಡೆಯುವುದುಂಟು. ಸುತ್ತಿಗೆಯ ಏಟಿಗೆ ಸಿಡಿದ ಚೂರು ಕಣ್ಣನ್ನು ಭೇದಿಸಿ ಒಳಹೊಗಬಲ್ಲುದು. ಇಂತಹ ಗಾಯದಿಂದ ಕೆಡುವುದು ಒಂದೇ ಕಣ್ಣೆಂದು ಭಾವಿಸುವುದು ಸಹಜ. ಆದರೆ ಅತಿ ವಿರಳವಾಗಿ, ಪೆಟ್ಟು ತಗಲದ ಮತ್ತೊಂದು ಕಣ್ಣೂ ಉರಿಯೂತಕ್ಕೆ ಗುರಿಯಾಗುವುದು. ವೈದ್ಯರು ಸಿಂಪಥೆಟಿಕ್ ಆಫ್ತಾಲ್ಮಿಯ ಎಂದು ಕರೆಯುವ ಈ ರೋಗವನ್ನು ಸಹವೇದನಾ ನೇತ್ರರೋಗವೆನ್ನಬಹುದು.

ಗ್ಲಾಸ್ಗೋ ನಗರದ ವೈದ್ಯನಾದ ವಿಲಿಯಂ ಮೆಕೆಂಜಿಯು 19ನೆಯ ಶತಮಾನದಲ್ಲಿ ಇದನ್ನು ವಿಶದವಾಗಿ ವರ್ಣಿಸಿದನು. ಹೆಸರು ಕವಿಸಮಯದಂತೆ ತೋರಿದರೂ ಇಲ್ಲಿ ಮರುಕಕ್ಕೆ ಎಡೆಯಿಲ್ಲ. ಕಣ್ಣಿನೊಳಗಿನ ಕೆಲವು ದ್ರವ್ಯಗಳು ದೇಹದ ರಕ್ಷಣಾಶಕ್ತಿಗೆ ಸಾಮಾನ್ಯವಾಗಿ ಮರೆಯಾಗಿರುತ್ತವೆ. ಗಾಯದಿಂದಲೋ, ಕ್ವಚಿತ್ತಾಗಿ ಶಸ್ತ್ರಚಿಕಿತ್ಸೆಯಿಂದಲೋ ಅವು ಹೊರಬಿದ್ದಾಗ, ಆ ಶಕ್ತಿಯು ಅವನ್ನು ಪರಕೀಯವೆಂದು ಬಗೆದು ಎರಡು ಕಣ್ಣುಗಳ ಮೇಲೂ ಎರಗುವುದು.

ರೋಗವು ಬಹುಮಟ್ಟಿಗೆ ಗಾಯವಾದ ಮೂರು ತಿಂಗಳೊಳಗೆ ತಲೆದೋರುವುದು. ಹಲವು ವರ್ಷಗಳ ಬಳಿಕ ಕಾಣಿಸಿಕೊಂಡುದೂ ಉಂಟು. ಸಮೀಪದ ಅಕ್ಷರಗಳನ್ನು ಓದಲು ತೊಡಕು, ಬೆಳಕನ್ನು ಸಹಿಸದಿರುವಿಕೆ, ನೋವು, ಕೆಂಪು, ಮಂಜುದೃಷ್ಟಿ, ಇವು ಮೊದಲ ಲಕ್ಷಣಗಳು. ಪರೀಕ್ಷಿಸಿದರೆ ಕಣ್ಣಿನ ನಡುಪದರದ ಊತ, ಒಳಭಾಗದಲ್ಲಿ ಹಳದಿ ಬಿಳುಪಿನ ಚುಕ್ಕೆಗಳು, ಕೆಲವೊಮ್ಮೆ ದ್ರವ ತುಂಬಿ ಮೇಲೆದ್ದ ಅಕ್ಷಿಪಟ ಕಂಡುಬರುವುವು.

ಅಕ್ಷರಲೋಕಕ್ಕೂ ಈ ವ್ಯಾಧಿಗೂ ಒಂದು ನಂಟುಂಟು. ಫ್ರಾನ್ಸಿನ ಲೂಯಿ ಬ್ರೈಲ್ 1812ರಲ್ಲಿ, ಮೂರು ವರ್ಷದ ಮಗುವಾಗಿದ್ದಾಗ, ತಂದೆಯ ಚರ್ಮಗೆಲಸದ ಚೂಪಾದ ಹತಾರದಿಂದ ಒಂದು ಕಣ್ಣಿಗೆ ಗಾಯ ಮಾಡಿಕೊಂಡನು. ಕೆಲಕಾಲದಲ್ಲಿಯೇ ಎರಡು ಕಣ್ಣುಗಳೂ ಹೋದುವು. ಕಾರಣ ಈ ರೋಗವೇ ಇರಬೇಕೆಂಬುದು ಅನೇಕರ ಊಹೆ. ಇಂದು ಕನ್ನಡದ ಅಂಧರು ಬೆರಳಿನಿಂದ ಓದುವ ಲಿಪಿಯು ಆತನ ಚುಕ್ಕೆಗಳಿಂದಲೇ ಮೂಡಿದುದು.

ಬ್ರೈಲನ ಕಾಲದಲ್ಲಿ ಇಲ್ಲದ ಆಶೆ ಈಗ ಉಂಟು. 20ನೆಯ ಶತಮಾನದ ನಡುವಿನಲ್ಲಿ ಬಳಕೆಗೆ ಬಂದ ಸ್ಟೀರಾಯ್ಡ್ ಔಷಧಗಳನ್ನೂ ರಕ್ಷಣಾಶಕ್ತಿಯನ್ನು ತಗ್ಗಿಸುವ ಇತರ ಮದ್ದುಗಳನ್ನೂ ಬೇಗನೆ ಆರಂಭಿಸಿ, ದೀರ್ಘಕಾಲ ನಡೆಸಿದರೆ, ಅನೇಕರಲ್ಲಿ ಓದಲು ಸಾಕಾಗುವಷ್ಟು ದೃಷ್ಟಿ ಉಳಿಯುವುದು. ತಡವಾದರೆ ಪೊರೆ, ಗ್ಲಾಕೋಮ, ಅಕ್ಷಿಪಟದ ಹಾನಿ ಬೆನ್ನುಹತ್ತುವುವು. ರೋಗವು ಮರುಕಳಿಸಬಹುದಾದುದರಿಂದ ವರ್ಷಗಟ್ಟಲೆ ಪರೀಕ್ಷೆ ಅವಶ್ಯ. ಕಣ್ಣು ಭೇದಿಸಿದ ಗಾಯವನ್ನು ಕೂಡಲೆ ಹೊಲಿಸುವುದೂ, ದೃಷ್ಟಿಯ ಆಶೆಯೇ ಉಳಿಯದಷ್ಟು ಜರ್ಜರಿತವಾದ ಕಣ್ಣನ್ನು ತೆಗೆಯಬೇಕೇ ಎಂಬುದನ್ನು ಎರಡು ವಾರದೊಳಗೆ ವೈದ್ಯರೊಡನೆ ನಿಶ್ಚಯಿಸುವುದೂ ಹಿಂದಿನಿಂದ ಬಂದ ಕ್ರಮ.

ಭದ್ರಾವತಿಯಿಂದ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 20 ಕಿಲೋಮೀಟರು. ಕಣ್ಣಿಗೆ ಚೂರು ಹೊಕ್ಕವನು ಆ ದಿನವೇ ವೈದ್ಯರ ಬಳಿಗೆ ಹೋಗಬೇಕು; ಮುಂದೆ ಒಳ್ಳೆಯ ಕಣ್ಣು ಮಂಜಾದರೆ, ಅದಕ್ಕೆ ಪೆಟ್ಟೇ ಬಿದ್ದಿಲ್ಲವೆಂದು ಉದಾಸೀನಮಾಡಲಾಗದು.