ಮೊದಲ ತಿಂಗಳ ನೆರವು ಮಾತ್ರ ಸಾಲದು: ಕ್ಯಾನ್ಸರ್ ಪೀಡಿತ ಯುವಜನರೊಂದಿಗೆ ಧರ್ಮಕೇಂದ್ರ ನಡೆಯುವುದು ಹೇಗೆ?

ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ, ಪ್ರಕಟಣೆಗಳ ನಡುವೆ ಒಮ್ಮೊಮ್ಮೆ ಇಂತಹ ಮಾತು ಕೇಳಿಬರುತ್ತದೆ: ನಮ್ಮ ವಾಳೆಯ ಯುವಕನೊಬ್ಬನಿಗೆ ಕ್ಯಾನ್ಸರ್ ಎಂದು ತಿಳಿದುಬಂದಿದೆ, ದಯವಿಟ್ಟು ಸಹಕರಿಸಿ. ಕರಾವಳಿಯ ವಿಶ್ವಾಸಿಗಳು ಇಂತಹ ಕರೆಗೆ ಕಿವುಡಾದವರಲ್ಲ. ಬಡವರೂ ಕೈಲಾದಷ್ಟು ಕೊಡುತ್ತಾರೆ. ಆದರೆ ಆ ನೆರವು ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ನಾವು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ 19 ವರ್ಷದ ಕಾಲೇಜು ವಿದ್ಯಾರ್ಥಿಗೆ ರಕ್ತ ಕ್ಯಾನ್ಸರ್ ತಗಲಿತು. ತಂದೆ ಮೀನುಗಾರಿಕಾ ಬೋಟಿನಲ್ಲಿ ದುಡಿಯುವವರು, ತಾಯಿ ಬೀಡಿ ಕಟ್ಟುವವರು. ಎರಡೇ ವಾರಗಳಲ್ಲಿ ನಾವು ಕೇಳಿದ್ದಕ್ಕಿಂತ ಹೆಚ್ಚು ಹಣ ಸೇರಿತು. ನಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡೆವು. ಎಂಟನೆಯ ತಿಂಗಳಲ್ಲಿ ಒಂದು ಸಂಜೆ ಆ ತಾಯಿ ನಮ್ಮ ನಿವಾಸಕ್ಕೆ ಬಂದು ಬಾಗಿಲಲ್ಲೇ ನಿಂತರು. "ಫಾದರ್, ಊರಿನವರು ಈಗಾಗಲೇ ಎಷ್ಟೋ ಕೊಟ್ಟಿದ್ದಾರೆ. ಮತ್ತೆ ಕೇಳುವುದು ಹೇಗೆ?" ಎಂದರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಎರಡು ವಾರಗಳಿಂದ ಮಗ ಮಾತ್ರೆ ತೆಗೆದುಕೊಂಡಿರಲಿಲ್ಲ, ಆಸ್ಪತ್ರೆಗೆ ಹೋಗುವ ದಿನವೂ ತಪ್ಪಿಹೋಗಿತ್ತು. ಅದು ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಂದೆಗೆ ಸಂಪಾದನೆ ಇರಲಿಲ್ಲ.

ಚಿಕಿತ್ಸೆ ಎಷ್ಟು ದೀರ್ಘ?

ಆ ಯುವಕನಿಗಿದ್ದದ್ದು ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ, ಯುವಜನರಿಗೂ ಬರುವ ಒಂದು ಬಗೆಯ ಲ್ಯುಕೇಮಿಯಾ. ಎಲುಬಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆದು ಆರೋಗ್ಯವಂತ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಇದು ಗುಣವಾಗದ ರೋಗವಲ್ಲ. ಉತ್ತಮ ಸೌಲಭ್ಯಗಳಿರುವ ದೇಶಗಳಲ್ಲಿ ಈ ರೋಗ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಯುವಜನರಲ್ಲಿ ಈ ಪ್ರಮಾಣ ಸ್ವಲ್ಪ ಕಡಿಮೆಯಾದರೂ ಭರವಸೆಗೆ ಸಾಕಷ್ಟು ಕಾರಣವಿದೆ.

ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ನಾಲ್ಕೈದು ವಾರ ಆಸ್ಪತ್ರೆಯಲ್ಲಿ ತೀವ್ರ ಕಿಮೊಥೆರಪಿ. ನಂತರ ಹಲವು ತಿಂಗಳು ಅದರ ಮುಂದುವರಿಕೆ. ಕೊನೆಯದು ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳುತ್ತಾ, ಆಗಾಗ ರಕ್ತ ಪರೀಕ್ಷೆ ಮಾಡಿಸುವ ದೀರ್ಘ ಹಂತ. ಈ ಹಂತದಲ್ಲಿ ತಲೆಗೂದಲು ಮತ್ತೆ ಬೆಳೆಯುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ನೋಡಿದವರು 'ಗುಣವಾಯಿತಲ್ಲ' ಎನ್ನುತ್ತಾರೆ. ಆದರೆ ಕಣ್ಣಿಗೆ ಕಾಣದ ರೋಗಕಣಗಳು ಆಗಲೂ ಉಳಿದಿರಬಹುದು. ಮಾತ್ರೆ ನಿಂತರೆ ರೋಗ ಮರುಕಳಿಸುವ ಅಪಾಯ ಹೆಚ್ಚು, ಮರುಕಳಿಸಿದ ರೋಗವನ್ನು ಗುಣಪಡಿಸುವುದು ಬಹಳ ಕಷ್ಟ. ಅಂದರೆ ನಾವು ಮರೆಯುವ ಕಾಲವೇ ಆ ಕುಟುಂಬಕ್ಕೆ ನಮ್ಮ ಅಗತ್ಯವಿರುವ ಕಾಲ.

ಹಣದ ವಿಷಯ

ಮೊದಲು ಸರಕಾರದ ಸೌಲಭ್ಯ ಕೊಡಿಸಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು ನೆರವು ಸಿಗುತ್ತದೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಸೇರುವ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರಿಗೆ, ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ಪೂರ್ಣ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಮಗನ ಹಾಸಿಗೆಯ ಪಕ್ಕ ಕುಳಿತ ತಂದೆತಾಯಿಗೆ ಈ ಕಾಗದಪತ್ರಗಳಿಗೆ ಓಡಾಡುವ ಶಕ್ತಿ ಇರುವುದಿಲ್ಲ. ಸಂತ ವಿನ್ಸೆಂಟ್ ದ ಪೌಲ್ ಸಭೆಯ ಸದಸ್ಯರೊಬ್ಬರು ಇದನ್ನು ವಹಿಸಿಕೊಂಡರೆ ದೊಡ್ಡ ದೇಣಿಗೆಗೆ ಸಮಾನ.

ಯೋಜನೆಗಳು ಮುಟ್ಟದ ಖರ್ಚೂ ಇದೆ: ಬಸ್ ಚಾರ್ಜು, ಆಸ್ಪತ್ರೆ ಪಕ್ಕದ ಕೋಣೆ ಬಾಡಿಗೆ, ನಿಂತುಹೋದ ಸಂಬಳ, ತಂಗಿಯ ಶಾಲೆಯ ಫೀಸು. ಆದ್ದರಿಂದ ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ, 30 ಕುಟುಂಬಗಳು ತಿಂಗಳಿಗೆ 200 ರೂಪಾಯಿಯಂತೆ ಎರಡು ವರ್ಷ ಕೊಡುವುದು ಹೆಚ್ಚು ಉಪಯುಕ್ತ. ಹಣಕ್ಕೆ ಪ್ರತ್ಯೇಕ ಖಾತೆ ಇರಲಿ, ಇಬ್ಬರ ಸಹಿ ಇರಲಿ, ಆಸ್ಪತ್ರೆಯ ಬಿಲ್ಲನ್ನು ನೇರವಾಗಿ ಪಾವತಿಸಲಿ. ಹಣ ಉಳಿದರೆ ಏನು ಮಾಡುವುದು ಎಂದು ಮೊದಲೇ ತೀರ್ಮಾನಿಸಿ ಹೇಳಿಬಿಡಿ. ಲೆಕ್ಕ ಸ್ಪಷ್ಟವಿದ್ದರೆ ಮುಂದಿನ ರೋಗಿಗೂ ಜನ ಕೊಡುತ್ತಾರೆ.

ರಕ್ತ, ವಾಹನ, ಊಟ

ಕಿಮೊಥೆರಪಿಯ ದಿನಗಳಲ್ಲಿ ಪ್ಲೇಟ್‌ಲೆಟ್‌ಗಳು ಬೇಗನೆ ಇಳಿಯುತ್ತವೆ. ಸಂಗ್ರಹಿಸಿದ ಪ್ಲೇಟ್‌ಲೆಟ್‌ಗಳನ್ನು ಸುಮಾರು ಐದು ದಿನ ಮಾತ್ರ ಇಡಬಹುದು. ಹಾಗಾಗಿ ಒಂದು ಭಾನುವಾರ ದೊಡ್ಡ ರಕ್ತದಾನ ಶಿಬಿರ ಮಾಡಿದರೆ ಸಾಲದು. ಕರೆದಾಗ ಬರುವ ದಾನಿಗಳ ಪಟ್ಟಿ ಬೇಕು. ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ಕೊಡಲು ಒಂದರಿಂದ ಒಂದೂವರೆ ಗಂಟೆ ಸಾಕು, ದಾನಿಯ ದೇಹ ಕೆಲವೇ ದಿನಗಳಲ್ಲಿ ಅದನ್ನು ತುಂಬಿಕೊಳ್ಳುತ್ತದೆ. ಮುಂದೆ ಮಜ್ಜೆಯ ಕಸಿ ಬೇಕಾಗಬಹುದಾದರೆ ಒಡಹುಟ್ಟಿದವರ, ಹತ್ತಿರದ ರಕ್ತಸಂಬಂಧಿಗಳ ರಕ್ತವನ್ನು ವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಇಲ್ಲಿ ಐಸಿವೈಎಂ ಯುವಜನರೇ ಮುಂದೆ ಬರಬೇಕು.

ಎರಡನೆಯದು ವಾಹನ. ಬಿಳಿ ರಕ್ತಕಣ ಕಡಿಮೆಯಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತು ಪರಿಸ್ಥಿತಿ. ಬೆಳಗಾಗಲಿ ಎಂದು ಕಾಯುವಂತಿಲ್ಲ. ರಾತ್ರಿ ಎರಡು ಗಂಟೆಗೆ ಕರೆದರೂ ಕಾರು ತರುವ ಮೂವರ ಹೆಸರು ಆ ಮನೆಯ ಗೋಡೆಯ ಮೇಲಿರಲಿ. ವಾಳೆಯ ಗುರಿಕಾರರು ಒಂದು ಸಂಜೆಯಲ್ಲಿ ಈ ಪಟ್ಟಿ ಮಾಡಬಹುದು.

ಮೂರನೆಯದು, ಪ್ರೀತಿಯಿಂದಲೇ ಆಗುವ ತೊಂದರೆ. ಗುಂಪಾಗಿ ರೋಗಿಯ ಮನೆಗೆ ಹೋಗುವುದು ನಮ್ಮ ರೂಢಿ. ಆದರೆ ನಮ್ಮ ಸಾಮಾನ್ಯ ಶೀತ ಅವನಿಗೆ ಅಪಾಯ ತರಬಹುದು. ಜಪಸರವನ್ನು ನಿಮ್ಮ ಮನೆಯಲ್ಲೇ ಆ ಕುಟುಂಬದ ಹೆಸರಿನಲ್ಲಿ ಮಾಡಿ. ಸ್ತ್ರೀ ಸಂಘಟನೆಯವರು ಸರದಿಯಂತೆ ಆ ಮನೆಯವರಿಗೆ ಊಟ ಕಳುಹಿಸಲಿ. ರೋಗಿ ಏನು ತಿನ್ನಬಹುದು ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

ಅವನ ಒಪ್ಪಿಗೆ ಕೇಳಿದ್ದೇವೆಯೇ?

ನಾವು ಮಾಡಿದ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಆ ಯುವಕನ ಫೋಟೋವನ್ನು ತಂದೆಯಿಂದ ಪಡೆದು ಚರ್ಚಿನ ಫಲಕದಲ್ಲಿ ಹಾಕಿದೆವು, ಮೊಬೈಲಿನಲ್ಲಿ ಹಂಚಿದೆವು. ಅವನನ್ನು ಕೇಳಿರಲಿಲ್ಲ. ಎಷ್ಟೋ ಕಾಲದ ನಂತರ ಅವನೇ ಹೇಳಿದ: "ಹಣ ಸಿಕ್ಕಿತು ಫಾದರ್. ಆದರೆ ಈಗಲೂ ಎಲ್ಲರೂ ನನ್ನನ್ನು ಆ ಫೋಟೋದಲ್ಲಿದ್ದವನ ಹಾಗೆಯೇ ನೋಡುತ್ತಾರೆ." ನಮ್ಮಲ್ಲಿ ಉತ್ತರವಿರಲಿಲ್ಲ. 19 ವರ್ಷದವನಿಗೆ ತನ್ನ ಕಾಯಿಲೆಯ ಬಗ್ಗೆ ಯಾರಿಗೆ ಎಷ್ಟು ತಿಳಿಯಬೇಕು ಎಂದು ನಿರ್ಧರಿಸುವ ಹಕ್ಕಿದೆ. ಅವನಿಗೆ ಬೇಕಾದದ್ದು ಕನಿಕರವಲ್ಲ. ಕಾಲೇಜಿನ ನೋಟ್ಸ್ ತಂದುಕೊಡುವ, ಕ್ರಿಕೆಟ್ ಬಗ್ಗೆ ಮಾತಾಡುವ ಒಬ್ಬ ಗೆಳೆಯ ಅವನಿಗೆ ಬೇಕಾಗಿತ್ತು.

ನಾಲ್ವರು ಸಾಕು

ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನಜಂಗುಳಿ ಕಂಡು ಅವರು ಅವನನ್ನು ಅಲ್ಲೇ ಇಳಿಸಿ ಹೋಗಲಿಲ್ಲ. ಮಾಡು ಹತ್ತಿ, ದಾರಿ ಮಾಡಿ, ಪ್ರಭು ಯೇಸುವಿನ ಮುಂದೆ ತಲುಪಿಸಿದರು. ಪಾಲನಾ ಮಂಡಳಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಧರ್ಮಕೇಂದ್ರದಲ್ಲಿ ಯಾರಿಗಾದರೂ ಈ ರೋಗ ಬಂದಾಗ ನಾಲ್ವರನ್ನು ಆರಿಸಿ. ಒಬ್ಬರಿಗೆ ಕಾಗದಪತ್ರ, ಒಬ್ಬರಿಗೆ ಹಣದ ಲೆಕ್ಕ, ಒಬ್ಬರಿಗೆ ರಕ್ತ ಮತ್ತು ವಾಹನ, ಒಬ್ಬರಿಗೆ ಮನೆಯವರ ಭೇಟಿ. ಚಿಕಿತ್ಸೆ ಮುಗಿಯುವ ದಿನದವರೆಗೂ ಅವರು ಜವಾಬ್ದಾರರು ಎಂದು ದಾಖಲಿಸಿ. ಆರನೆಯ, ಹನ್ನೆರಡನೆಯ, ಇಪ್ಪತ್ತನಾಲ್ಕನೆಯ ತಿಂಗಳ ಸಭೆಯಲ್ಲಿ 'ಆ ಮನೆಯವರು ಹೇಗಿದ್ದಾರೆ?' ಎಂಬ ಪ್ರಶ್ನೆ ತಪ್ಪದೆ ಬರಲಿ.

ಆ ಯುವಕ ಮರುದಿನವೇ ಆಸ್ಪತ್ರೆಗೆ ಹೋದ, ಮಾತ್ರೆ ಮುಂದುವರಿಸಿದ, ಚಿಕಿತ್ಸೆ ಪೂರ್ಣಗೊಳಿಸಿದ. ಆದರೆ ಆ ಸಂಜೆ ಅವನ ತಾಯಿ ಸಂಕೋಚ ಗೆದ್ದು ನಮ್ಮ ಬಾಗಿಲಿಗೆ ಬಾರದೆ ಇದ್ದಿದ್ದರೆ ಏನಾಗುತ್ತಿತ್ತೋ. ಇನ್ನೊಬ್ಬ ತಾಯಿ ಹಾಗೆ ಬರುವವರೆಗೆ ನಾವು ಕಾಯಬಾರದು. ನಾವೇ ಅವರ ಬಾಗಿಲಿಗೆ ಹೋಗೋಣ.